ಮೊಬೈಲಿನ ಮೇಲೆ ಕೂರಿಸಿದ ಗೂಬೆ

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ರಾಂಪುರದಂಥ ಊರುಗಳಲ್ಲಿ ಈಚೆಗೆ ಒಂದು ಹೊಸ ಹಬ್ಬ ಹುಟ್ಟಿಕೊಂಡಿದೆ. ಪಂಚಾಂಗದಲ್ಲಿ ಜಾಗವಿಲ್ಲದ ಈ ಹಬ್ಬಕ್ಕೆ ಗುರುವಂದನೆ ಎಂದು ಹೆಸರು. ಮೂವತ್ತು ನಲವತ್ತು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದ ಬ್ಯಾಚಿನವರು ಬೆಂಗಳೂರು, ಬಳ್ಳಾರಿ, ಹೊಸಪೇಟೆಗಳಿಂದ ಬಂದು ಕೂಡುತ್ತಾರೆ. ಶಾಮಿಯಾನ ಏಳುತ್ತದೆ, ಫ್ಲೆಕ್ಸು ಬೀಳುತ್ತದೆ, ನಿವೃತ್ತ ಮೇಷ್ಟ್ರುಗಳಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಸಲ್ಲುತ್ತವೆ. ಮೈಕು ಕೈಗೆ ಸಿಕ್ಕವರೆಲ್ಲ ಆಡುವ ಮಾತು ಹೆಚ್ಚೂಕಮ್ಮಿ ಒಂದೇ: ಆಗ ಟಿವಿ ಇರಲಿಲ್ಲ, ಮೊಬೈಲ್ ಇರಲಿಲ್ಲ, ಎಷ್ಟು ಚೆನ್ನಾಗಿತ್ತು, ಈಗಿನ ಮಕ್ಕಳಿಗೆ ಆ ಸುಖ ಏನು ಗೊತ್ತು? ಈ ಮಾತನ್ನು ಮುಂದಿನ ಸಾಲಿನಲ್ಲಿ ಕೂತವರು ಮೊಬೈಲಿನಲ್ಲೇ ರೆಕಾರ್ಡ್ ಮಾಡಿ, ಕೂತಲ್ಲಿಂದಲೇ ಬ್ಯಾಚಿನ ವಾಟ್ಸಾಪ್ ಗುಂಪಿಗೆ ದಾಟಿಸುತ್ತಾರೆ. ಚದುರಿಹೋದವರನ್ನು ಹುಡುಕಿ ಒಂದೆಡೆ ತಂದದ್ದೂ ಆ ಗುಂಪೇ. ಇದನ್ನು ಕಂಡು ನಗುವುದು ಸುಲಭ. ಆದರೆ ಇಷ್ಟು ಜನ, ಇಷ್ಟು ದೂರದಿಂದ, ಕೈಯಿಂದ ದುಡ್ಡು ಹಾಕಿಕೊಂಡು ಬಂದು ಹಂಬಲಿಸುವುದಾದರೆ ಅದರಲ್ಲಿ ಏನೋ ಹುರುಳಿರಲೇಬೇಕು. ಹಂಬಲದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದು ಹಿಡಿದುಕೊಟ್ಟಿರುವ ಆರೋಪಿಯ ಬಗ್ಗೆ. ಏನೋ ಕಳೆದುಹೋಗಿರುವುದು ದಿಟ. ಕಳವು ಮಾತ್ರ ಮೊಬೈಲ್ ಊರಿಗೆ ಬರುವ ಮೊದಲೇ ನಡೆದಿತ್ತು.

ಹಂಬಲದ ನಟ್ಟನಡುವೆ ಕೂತಿರುವ ವಸ್ತು ಸ್ಲೇಟು. ಮರದ ಚೌಕಟ್ಟು, ಮೂಲೆ ಸಡಿಲಾದಲ್ಲಿ ಬಡಿದ ತಗಡಿನ ಪಟ್ಟಿ, ಒಂದು ಬದಿಯಲ್ಲಿ ಕಾಗುಣಿತ, ಇನ್ನೊಂದು ಬದಿಯಲ್ಲಿ ಲೆಕ್ಕ. ಅಳಿಸಲು ಒದ್ದೆ ಬಟ್ಟೆ. ಅದಿಲ್ಲದಾಗ ಎಂಜಲು ಮತ್ತು ಅಂಗಿಯ ತೋಳು. ಬರೆದೂ ಬರೆದೂ ಸ್ಲೇಟು ಬೆಳ್ಳಗಾದರೆ ತೊಂಡೆ ಎಲೆ ತಿಕ್ಕಿ ಕಪ್ಪು ಬರಿಸುವುದು. ಗೋಡೆಯ ಬೋರ್ಡಿಗೂ ಇದೇ ಉಪಚಾರ: ಸತ್ತ ಬ್ಯಾಟರಿ ಸೆಲ್ಲುಗಳನ್ನು ಒಡೆದು ಒಳಗಿನ ಮಸಿಯನ್ನು ಸೊಪ್ಪಿನ ರಸದಲ್ಲಿ ಅರೆದು, ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ದೊಡ್ಡ ಹುಡುಗರು ಬಳಿದು ಹೋಗುತ್ತಿದ್ದರು. ಸ್ಲೇಟಿಗೆ ಒಂದು ಗುಣವಿತ್ತು; ಅದು ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಮೇಷ್ಟ್ರು ‘ಅಳಿಸ್ರೋ’ ಅಂದ ಗಳಿಗೆಯಲ್ಲಿ ಲೆಕ್ಕ ಮಾಯ. ಉಳಿಸಿಕೊಳ್ಳುವ ಕೆಲಸವೆಲ್ಲ ತಲೆಗೆ ಬೀಳುತ್ತಿತ್ತು. ಇಪ್ಪತ್ತರ ಮಗ್ಗಿಯನ್ನು ಎಂದೋ ಶಾಲೆ ಬಿಟ್ಟ ಕಿರಾಣಿ ಅಂಗಡಿಯವರು ಇವತ್ತಿಗೂ ತಡವರಿಸದೆ ಹೇಳುತ್ತಾರೆಂದರೆ ಅದರಲ್ಲಿ ಸ್ಲೇಟಿನ ಪಾಲೂ ಇದೆ. ಇಷ್ಟು ಒಪ್ಪಿಕೊಂಡ ಮೇಲೆ ಒಂದು ಮಾತು: ಸ್ಲೇಟು ಕೂಡ ತನ್ನ ಕಾಲದ ಹೊಸ ತಂತ್ರಜ್ಞಾನವೇ. ಅದಕ್ಕೂ ಮುಂಚೆ ನಮ್ಮ ಕೂಲಿಮಠಗಳಲ್ಲಿ ಮಕ್ಕಳು ಮರಳು ಹರಡಿ ಬೆರಳಿನಿಂದ ತಿದ್ದುತ್ತಿದ್ದರು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥ ಶಾಲೆಯೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಈ ಮರಳಿನ ಬರಹವನ್ನು ಕಂಡು, ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಕಲಿಸುವ ಪದ್ಧತಿಯೊಂದನ್ನು ಅಲ್ಲಿ ರೂಢಿಸಿದ. 1797ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಅದು ಮದರಾಸು ಪದ್ಧತಿ ಎಂದೇ ಹೆಸರಾಯಿತು. ಮರಳಿನಲ್ಲಿ ತಿದ್ದಿದ ಅಜ್ಜನಿಗೆ ಕಾರ್ಖಾನೆಯ ಸ್ಲೇಟು ಹಿಡಿದ ಮೊಮ್ಮಗ ಸುಖವಾಸಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ‘ತಂತ್ರಜ್ಞಾನ ಇಲ್ಲದ ಕಾಲ’ ಎಂದು ನಾವು ಕರೆಯುವುದು ನಮಗೆ ಕೈರೂಢಿಯಾಗಿದ್ದ ತಂತ್ರಜ್ಞಾನದ ಕಾಲವನ್ನು, ಅಷ್ಟೆ.

ಹಳೆಯದು ಚೆನ್ನಾಗಿತ್ತು ಎಂಬ ಮಾತು ಎಷ್ಟು ಹಳೆಯದು ಎಂದು ತಿಳಿಯಲು ರಾಂಪುರದವರು ದೂರ ಹೋಗಬೇಕಿಲ್ಲ. ಅವರದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಕ್ರಿಸ್ತಪೂರ್ವ ಮೂರನೇ ಶತಮಾನದ ಆ ಬರಹದಲ್ಲಿ ಚಕ್ರವರ್ತಿ ಹೇಳುವುದೇನು? ತಂದೆತಾಯಿಯರ ಮಾತು ಕೇಳಬೇಕು, ನಿಜ ಆಡಬೇಕು, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು. ಆಮೇಲೆ ಒಂದು ಮಾತು ಸೇರಿಸುತ್ತಾನೆ: ಇದು ಪುರಾತನ ಪದ್ಧತಿ, ಇದರಿಂದ ಆಯುಸ್ಸು ಹೆಚ್ಚುತ್ತದೆ. ಅಂದರೆ ಎರಡು ಸಾವಿರದ ಇನ್ನೂರು ವರ್ಷದ ಹಿಂದೆಯೇ ಗುರುವಿಗೆ ಮರ್ಯಾದೆ ಕೊಡುವುದು ‘ಹಿಂದಿನ ಕಾಲದ’ ಒಳ್ಳೆಯ ಗುಣವಾಗಿತ್ತು; ಅದನ್ನು ಬಂಡೆಯ ಮೇಲೆ ಕೊರೆಸಿ ನೆನಪಿಸುವ ಅಗತ್ಯ ಬಿದ್ದಿತ್ತು. ಎಲ್ಲರೂ ತಾವಾಗಿಯೇ ನಡೆದುಕೊಳ್ಳುತ್ತಿರುವುದನ್ನು ಯಾವ ರಾಜನೂ ಕಲ್ಲಿನಲ್ಲಿ ಬರೆಸುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಬರಹವೆಲ್ಲ ಬ್ರಾಹ್ಮಿಯಲ್ಲಿ, ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಒಂದು ಪದವನ್ನು ಮಾತ್ರ ಆತ ವಾಯವ್ಯ ದೇಶದ, ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಇಲ್ಲಿಯವರಿಗೆ ಓದಲು ಬಾರದ ಆ ಲಿಪಿಯಲ್ಲಿ ಕೈಚಳಕ ತೋರಿಸಿದ ಚಪಡ ಈ ಸೀಮೆಗೆ ಬಂದ ಮೊದಲ ‘ಹೊಸ ಟೆಕ್ನಾಲಜಿ’ಯ ಮನುಷ್ಯ. ಇಷ್ಟು ದೀರ್ಘಾಯುಷಿಯಾದ ಒಂದು ದೂರಿಗೆ ನಿನ್ನೆ ಮೊನ್ನೆ ಬಂದ ಮೊಬೈಲನ್ನು ಕಾರಣ ಮಾಡುವುದು ನ್ಯಾಯವಲ್ಲ.

ಹಾಗಾದರೆ ಈ ಹಂಬಲವೆಲ್ಲ ಮನಸ್ಸಿನ ಆಟ, ವಯಸ್ಸಾದವರ ಹಲುಬು ಎಂದು ಒಬ್ಬರು ವಾದಿಸಬಹುದು. ಆ ವಾದಕ್ಕೆ ಬಲವಿದೆ. ಕಹಿ ನೆನಪಿನ ಕಹಿ ಬೇಗ ಇಳಿಯುತ್ತದೆ, ಸಿಹಿ ನಿಧಾನವಾಗಿ ಕರಗುತ್ತದೆ ಎಂದು ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ; ಹುಣಸೆ ಬರಲಿನ ಏಟು ನಲವತ್ತು ವರ್ಷದ ನಂತರ ವೇದಿಕೆಯ ಮೇಲೆ ನಗೆಚಾಟಿಕೆಯಾಗುವುದು ಹೀಗೆ. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಶಾಲೆಯ ನೆನಪು ಹೇಳುವವರು ಶಾಲೆಯಲ್ಲಿ ಉಳಿದವರು. ಶೇಂಗಾ ಕೀಳುವ ಹೊತ್ತಿಗೆ ಹೊಲಕ್ಕೆ ಹೋಗಿ ಮತ್ತೆ ತರಗತಿಗೆ ಬಾರದವನು, ಕುರಿ ಹಿಂಡಿನ ಹಿಂದೆ ಹೋದವನು, ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತ ಕೂತವಳು, ಮೈನೆರೆದ ಮೇಲೆ ಗೊಲ್ಲರಹಟ್ಟಿಯ ಹೊರಗಿನ ಗುಡಿಸಲಿಗೆ ಕಳಿಸಿದ್ದರಿಂದ ಪುಸ್ತಕ ಮುಚ್ಚಿಟ್ಟವಳು, ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮನ ಜೊತೆ ಗುಳೆ ಹೋದವರು ಯಾವ ಬ್ಯಾಚಿನ ಗುಂಪಿನಲ್ಲೂ ಇಲ್ಲ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರರು ಶೇ. 18.33, ಹೆಂಗಸರ ಪ್ರಮಾಣ ಶೇ. 9ನ್ನೂ ಮುಟ್ಟಿರಲಿಲ್ಲ. 1991ರಲ್ಲಿ, ನಮ್ಮ ಗುರುವಂದನೆಯ ಬ್ಯಾಚುಗಳು ಶಾಲೆ ಮುಗಿಸಿ ಹೊರಬಿದ್ದ ಕಾಲದಲ್ಲಿ, ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಓದು ಬಲ್ಲವರು ಶೇ. 44.34. 2011ರ ಹೊತ್ತಿಗೆ ಅದು ಶೇ. 68ಕ್ಕೆ ಏರಿತು. ಆ ಸೊಗಸಾದ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಕೆಲವು ಕಾಲ ಕೇರ್ ಸಂಸ್ಥೆ ಕೊಟ್ಟ ಗೋಧಿಯ ಉಪ್ಪಿಟ್ಟು ಇತ್ತು. ಅದು ನಿಂತಾಗ ಹಸಿವಿತ್ತು. ಅಕ್ಷರ ದಾಸೋಹದ ಬಿಸಿಯೂಟ ರಾಜ್ಯಕ್ಕೆಲ್ಲ ಹರಡಿದ್ದು 2003ರ ಸುಮಾರಿಗೆ. ಬೆತ್ತವನ್ನು ಕಾನೂನು ಕಿತ್ತುಕೊಂಡದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ. ಇವೆಲ್ಲ ನಿಜ. ಹಳೆಯ ಶಾಲೆಯನ್ನು ಇದ್ದ ಹಾಗೆಯೇ ವಾಪಸ್ಸು ಕೇಳುವವರಿಗೆ ಈ ಲೆಕ್ಕದ ಮುಂದೆ ಉತ್ತರವಿಲ್ಲ.

ಇಷ್ಟನ್ನೂ ಕಳೆದ ಮೇಲೆ ಜರಡಿಯಲ್ಲಿ ಏನಾದರೂ ಉಳಿಯುತ್ತದೆಯೇ? ಉಳಿಯುತ್ತದೆ, ಮತ್ತು ಆ ಉಳಿದದ್ದೇ ನನ್ನ ವಾದ. ಗುರುವಂದನೆಯ ಭಾಷಣಗಳನ್ನು ಗಮನವಿಟ್ಟು ಕೇಳಿದರೆ ಜನ ಹೇಳುವುದು ವಸ್ತುವಿನ ಮಾತಾದರೂ ನೆನೆಯುವುದು ಮನುಷ್ಯರನ್ನು. ಸಾಹುಕಾರನ ಮಗನೂ ಕೂಲಿಯವನ ಮಗನೂ ಒಂದೇ ಗೋಣಿತಟ್ಟಿನ ಮೇಲೆ ಕೂತದ್ದು. ಮನೆಯಲ್ಲಿ ತೆಲುಗು ಆಡುವ ಹುಡುಗ ಪಕ್ಕದವನಿಂದ ಕನ್ನಡ ಕಲಿತದ್ದು. ಬಾರೆಹಣ್ಣು, ಕಾರೆಹಣ್ಣು ಜೇಬಿನಿಂದ ಜೇಬಿಗೆ ದಾಟಿದ್ದು. ಮೇಷ್ಟ್ರು ಊರಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದು, ಸಂಜೆ ಬಾವಿಯ ಹತ್ತಿರ ಸಿಕ್ಕಿ ಅಪ್ಪನಿಗೆ ಮಗನ ಪ್ರತಾಪ ವರದಿ ಮಾಡಿದ್ದು. ಈ ಚಿತ್ರಕ್ಕೂ ಸುಣ್ಣ ಬಳಿಯುವುದು ಬೇಡ: ಕೇರಿಯ ಮಕ್ಕಳು ಹಿಂದಿನ ಸಾಲಿನಲ್ಲಿ ಬೇರೆಯಾಗಿ ಕೂತದ್ದು, ನೀರಿನ ಲೋಟ ಮುಟ್ಟದಿದ್ದದ್ದು ಅದೇ ಶಾಲೆಯಲ್ಲಿ. ಆದರೂ ಅವಮಾನಿಸಿದವನೂ ಅವಮಾನಿತನೂ ಒಂದೇ ಸೂರಿನಡಿ ಇದ್ದರು. ಜಗಳಕ್ಕೆ ಜಾಗವಿತ್ತು, ನಾಚಿಕೆಗೂ ಜಾಗವಿತ್ತು. ಊರಿನ ಗೌಡನಿಗೆ ಆ ಶಾಲೆಯ ಹೆಂಚು ಸೋರಿದರೆ ತನ್ನ ಮಗನ ತಲೆಯೂ ನೆನೆಯುತ್ತದೆ ಎಂದು ಗೊತ್ತಿತ್ತು. ಮೇಷ್ಟ್ರು ಊರಿನವರಾಗಿದ್ದುದರ ಬೆಲೆಯನ್ನು ಈ ಸೀಮೆಗೆ ಬಿಡಿಸಿ ಹೇಳಬೇಕಿಲ್ಲ. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯಲ್ಲಿ ಕೃಷ್ಣಶಾಸ್ತ್ರಿಗಳು ದೊಡ್ಡ ಊರುಗಳ ಆಸೆ ಬಿಟ್ಟು ತಮ್ಮ ಹಳ್ಳಿಯಲ್ಲೇ ಶಾಲೆ ಕಟ್ಟಿ ಬದುಕಿದರು. ಅದೇ ತಾಲ್ಲೂಕಿನ ತಳುಕಿನವರು ಟಿ.ಎಸ್. ವೆಂಕಣ್ಣಯ್ಯ, ಮೈಸೂರಿನಲ್ಲಿ ಅವರ ಶಿಷ್ಯರಾಗಿದ್ದ ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು. ಗುರುವಂದನೆಗೆ ಇದಕ್ಕಿಂತ ದೊಡ್ಡ ಶಾಲು ಹೊದಿಸಿದವರು ಕನ್ನಡದಲ್ಲಿ ವಿರಳ.

ಈ ಊರಿನ ಶಾಲೆ ಯಾವಾಗ ಕರಗಿತು? ಇಲ್ಲಿ ಕಾಲದ ಲೆಕ್ಕ ಮುಖ್ಯ. ಹಳ್ಳಿಗಾಡಿನ ಕೈಗೆ ಸ್ಮಾರ್ಟ್‌ಫೋನು ಅಗ್ಗವಾಗಿ ಬಂದದ್ದು ಜಿಯೋ ಬಂದ 2016ರ ನಂತರ. ಹಳದಿ ಬಣ್ಣದ ಶಾಲಾ ವ್ಯಾನು ಅದಕ್ಕಿಂತ ಬಹಳ ಮೊದಲೇ ಬಂದಿತ್ತು. ಪ್ರಾಥಮಿಕ ಹಂತದಲ್ಲಿ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಬೇಕು ಎಂದು ಸರಕಾರ 1994ರಲ್ಲಿ ಆದೇಶ ಹೊರಡಿಸಿದಾಗಲೇ ಖಾಸಗಿ ಇಂಗ್ಲಿಷ್ ಶಾಲೆಗಳು ನ್ಯಾಯಾಲಯದ ಮೆಟ್ಟಿಲು ಹತ್ತುವಷ್ಟು ಬಲಿತಿದ್ದವು; ಇಪ್ಪತ್ತು ವರ್ಷದ ವ್ಯಾಜ್ಯದ ನಂತರ 2014ರ ಮೇನಲ್ಲಿ ಸುಪ್ರೀಂ ಕೋರ್ಟು ಮಾಧ್ಯಮವನ್ನು ಹೇರುವ ಅಧಿಕಾರ ಸರಕಾರಕ್ಕಿಲ್ಲ ಎಂದಿತು. ಆ ಇಪ್ಪತ್ತು ವರ್ಷದಲ್ಲಿ ಹಳ್ಳಿಗಳಲ್ಲಿ ನಡೆದದ್ದು ಸರಳ. ಕೈಯಲ್ಲಿ ನಾಲ್ಕು ಕಾಸು ಇದ್ದವರು ಮಕ್ಕಳನ್ನು ವ್ಯಾನು ಹತ್ತಿಸಿದರು. ಅಂಗಡಿಯವರು ಹೋದರು, ನೌಕರಿಯವರು ಹೋದರು, ಪಂಚಾಯ್ತಿ ಮೆಂಬರು ಹೋದರು, ಕೊನೆಗೆ ಸರಕಾರಿ ಶಾಲೆಯ ಮೇಷ್ಟ್ರ ಮಗುವೂ ಹೋಯಿತು. ರಸ್ತೆ ಚೆನ್ನಾಯಿತು, ಬೈಕು ಬಂತು. ಮೇಷ್ಟ್ರೂ ಊರಿನ ಬಾಡಿಗೆ ಮನೆ ಬಿಟ್ಟು ತಾಲ್ಲೂಕು ಕೇಂದ್ರದಿಂದ ಓಡಾಡತೊಡಗಿದರು. ಊರಿನಲ್ಲಿ ಉಳಿದದ್ದು ಬಡವರ ಶಾಲೆ. ಮೊಬೈಲು ಬರುವ ಹೊತ್ತಿಗೆ ಒಂದೇ ಬೀದಿಯ ಮಕ್ಕಳು ಎರಡು ಬಣ್ಣದ ಯೂನಿಫಾರ್ಮಿನಲ್ಲಿ ಎರಡು ದಿಕ್ಕಿಗೆ ಹೋಗಿ, ಸಂಜೆ ಬೇರೆ ಬೇರೆ ಹೊತ್ತಿಗೆ ಮನೆ ಸೇರುತ್ತಿದ್ದರು. ಲಗೋರಿಗೆ ಎರಡು ಗುಂಪು ಬೇಕು. ಬೀದಿಯಲ್ಲಿ ಅಷ್ಟು ಜನವೇ ಒಟ್ಟಿಗೆ ಸಿಗದಿದ್ದಾಗ ಮಗು ಮೊಬೈಲು ಹಿಡಿಯಿತು. ಮೊಬೈಲು ಬಂದು ಆಟ ಹೋಯಿತು ಎನ್ನುತ್ತೇವೆ. ಆಟದ ಜೊತೆಗಾರರು ಮೊದಲೇ ಹೋಗಿದ್ದರು.

ಇದು ಬರೀ ಊಹೆ ಎನ್ನುವವರಿಗೆ 2020 ಒಂದು ಪುರಾವೆ ಇಟ್ಟು ಹೋಗಿದೆ. ಆ ವರ್ಷದ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಖಾಸಗಿ ಶಾಲೆಗಳು ಆನ್‌ಲೈನ್ ತರಗತಿ ಶುರುಮಾಡಿದವು. ದೂರದರ್ಶನದ ಚಂದನದಲ್ಲಿ ಪಾಠಗಳು ಬಂದವು. ಆಗ ಶಿಕ್ಷಣ ಇಲಾಖೆ ವಿದ್ಯಾಗಮ ಎಂಬ ಕಾರ್ಯಕ್ರಮ ಹೊರಡಿಸಿತು. ಮೊಬೈಲು, ಇಂಟರ್‌ನೆಟ್ಟು ಯಾರಿಗಿದೆ, ಯಾರಿಗಿಲ್ಲ ಎಂದು ಮಕ್ಕಳನ್ನು ವಿಂಗಡಿಸಿ, ಮೇಷ್ಟ್ರುಗಳೇ ಮಕ್ಕಳಿದ್ದ ಕಡೆಗೆ ಹೋಗಬೇಕು ಎಂದಿತು. ಗುಡಿಯ ಜಗಲಿ, ಅರಳಿಕಟ್ಟೆ, ಸಮುದಾಯ ಭವನ, ಬೇವಿನ ಮರದ ನೆರಳು ತರಗತಿಯಾದವು. ಸೋಂಕು ಹರಡಿತು ಎಂಬ ದೂರುಗಳ ನಡುವೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಅದು ನ್ಯಾಯವೇ. ಆದರೆ ಆ ಕೆಲವು ತಿಂಗಳು ತೋರಿಸಿಕೊಟ್ಟ ಸಂಗತಿ ದೊಡ್ಡದು. ಗುರುವಂದನೆಯವರು ಹಾಡಿ ಹೊಗಳುವ ಹಳೆಯ ಶಾಲೆಗೆ ಬೇಕಾದ ಸಾಮಗ್ರಿಯೆಲ್ಲ ಊರಿನಲ್ಲಿ ಹಾಗೇ ಇತ್ತು: ಕಟ್ಟೆ ಇತ್ತು, ನೆರಳು ಇತ್ತು, ಒಂದು ಹಲಗೆ ಇತ್ತು, ಮಕ್ಕಳಿದ್ದರು. ಮೇಷ್ಟ್ರು ನಡೆದು ಬಂದ ದಿನ ಶಾಲೆ ಎದ್ದು ನಿಂತಿತು. ಮೊಬೈಲು ಅದನ್ನು ತಡೆಯಲಿಲ್ಲ. ಅದೇ ಮೊಬೈಲಿನಲ್ಲಿ ‘ನಾಳೆ ಒಂಬತ್ತಕ್ಕೆ ಆಂಜನೇಯನ ಗುಡಿ ಹತ್ತಿರ ಬನ್ನಿ’ ಎಂಬ ಸಂದೇಶ ಹೋಗುತ್ತಿತ್ತು.

ಇಲ್ಲಿ ಎದುರು ಕಡೆಯಿಂದ ಒಂದು ಆಕ್ಷೇಪ ಬರಬೇಕು, ಬರಲಿ. ಮೊಬೈಲನ್ನು ನಿರಪರಾಧಿ ಎಂದು ಬಿಟ್ಟುಬಿಡುವುದು ಅತಿಯಾಯಿತಲ್ಲವೇ? ರೀಲ್ಸು ನೋಡುತ್ತ ರಾತ್ರಿ ಹನ್ನೆರಡಾಗುವ ಹೈಸ್ಕೂಲು ಹುಡುಗರನ್ನು ಮೇಷ್ಟ್ರುಗಳು ದಿನವೂ ಕಾಣುತ್ತಾರೆ. 2023ರಲ್ಲಿ ಯುನೆಸ್ಕೋದ ಜಾಗತಿಕ ಶಿಕ್ಷಣ ವರದಿಯೇ ತರಗತಿಯಲ್ಲಿ ಫೋನು ಗಮನ ಕೆಡಿಸುತ್ತದೆ, ತಂತ್ರಜ್ಞಾನ ಮೇಷ್ಟ್ರ ಬದಲಿಯಾಗಬಾರದು ಎಂದು ಎಚ್ಚರಿಸಿದೆ. ಒಪ್ಪಿದೆ, ಮೊಬೈಲು ನಿರಪರಾಧಿಯಲ್ಲ, ಇದ್ದ ಗಾಯಕ್ಕೆ ಉಪ್ಪು ಸವರಿದೆ. ಇನ್ನು ಕೆಲವರ ಆಕ್ಷೇಪ ಇದಕ್ಕೆ ನೇರ ವಿರುದ್ಧ: ಬಡವರ ಮಗುವಿಗೆ ತಂತ್ರಜ್ಞಾನವೇ ಬಿಡುಗಡೆ, ಮೇಷ್ಟ್ರ ಮರ್ಜಿ ಕಾಯದೆ ಹಟ್ಟಿಯಲ್ಲಿ ಕೂತೇ ಗಣಿತ ಕಲಿಯಬಹುದು ಎಂದು. ಅದರಲ್ಲೂ ನಿಜವಿದೆ. ಈ ಎರಡನ್ನೂ ತೂಗಲು ಚಳ್ಳಕೆರೆಯೇ ಸರಿಯಾದ ಜಾಗ. ತಾಲ್ಲೂಕಿನ ಹುಲ್ಲುಗಾವಲಿನಲ್ಲಿ, ಕುರಿ ದನ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಮೇಲೆ, ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರವಿದೆ; ಇಸ್ರೋದ ಪುಷ್ಪಕ್ ನೌಕೆ 2023 ಮತ್ತು 2024ರಲ್ಲಿ ಆಕಾಶದಿಂದ ತಾನೇ ಹಾದಿ ಹುಡುಕಿಕೊಂಡು ಬಂದು ಇಳಿದದ್ದು ಅಲ್ಲಿಯ ರನ್‌ವೇಯ ಮೇಲೆ. ಅದೇ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ದೇಶದ ಹೆಸರಾಂತ ವಿಜ್ಞಾನ ಸಂಸ್ಥೆ ಆ ಬಯಲಿಗೆ ಬಂದು ಮೊದಲಿಗೆ ಮಾಡಿದ ಕೆಲಸಗಳಲ್ಲಿ ಒಂದು ಯಾವುದು? ಹಳ್ಳಿ ಶಾಲೆಗಳ ವಿಜ್ಞಾನ, ಗಣಿತದ ಮೇಷ್ಟ್ರುಗಳನ್ನು ಕರೆಸಿ, ಇರಲು ಉಣಲು ವ್ಯವಸ್ಥೆ ಮಾಡಿ, ಪ್ರಯೋಗಶಾಲೆಯಲ್ಲಿ ನಿಲ್ಲಿಸಿ ತರಬೇತಿ ಕೊಟ್ಟದ್ದು. ಯಂತ್ರದ ಅಂತರಂಗ ಬಲ್ಲವರೇ ಮಗುವಿಗೂ ವಿಜ್ಞಾನಕ್ಕೂ ನಡುವೆ ಒಬ್ಬ ಮನುಷ್ಯ ಬೇಕು ಎಂದು ತೀರ್ಮಾನಿಸಿದ್ದಾರೆ. ತಂತ್ರಜ್ಞಾನವನ್ನು ದೂರುವವರೂ ಪೂಜಿಸುವವರೂ ಈ ತೀರ್ಮಾನವನ್ನು ಒಮ್ಮೆ ನೋಡಬೇಕು.

ಕೊನೆಯ ಆಕ್ಷೇಪ ತಂದೆತಾಯಿಯರದು, ಅದಕ್ಕೆ ಉತ್ತರ ಹೇಳುವುದು ಎಲ್ಲಕ್ಕಿಂತ ಕಷ್ಟ. ವ್ಯಾನು ಹತ್ತಿಸಿದವರು ಪಾಪ ಮಾಡಿದರೇ? ಇಲ್ಲ. ಮಳೆ ನಂಬಿ ಶೇಂಗಾ ಬಿತ್ತಿ ಸಾಲಕ್ಕೆ ಬಿದ್ದ ರೈತ ಮಗನಾದರೂ ಈ ಜೂಜಿನಿಂದ ಹೊರಬೀಳಲಿ ಎಂದು ಇಂಗ್ಲಿಷ್ ಶಾಲೆಯ ಫೀಜು ಕಟ್ಟಿದರೆ ಅವನ ಲೆಕ್ಕಾಚಾರ ತಪ್ಪಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ನೌಕರಿಗೆ ಇಂಗ್ಲಿಷು ಎಂಬುದು ಈ ಗಡಿ ಸೀಮೆಯಲ್ಲಿ ಎಲ್ಲರಿಗೂ ಅರ್ಥವಾಗುವ ಸತ್ಯ. ತಪ್ಪು ಇರುವುದು ಬೇರೆ ಕಡೆ: ಆ ಬೇಡಿಕೆಯನ್ನು ಊರಿನ ಶಾಲೆಯೊಳಗೇ ಪೂರೈಸುವ ಯೋಚನೆ ಸರಕಾರಕ್ಕೆ ತಡವಾಗಿ ಬಂದದ್ದರಲ್ಲಿ. ಒಂದೇ ಆವರಣದಲ್ಲಿ ಒಂದನೇ ತರಗತಿಯಿಂದ ಪಿಯುಸಿಯ ತನಕ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಶುರುವಾದದ್ದು 2018ರಲ್ಲಿ. ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದದ್ದು 2019ರಲ್ಲಿ. ಅಷ್ಟರಲ್ಲಿ ಊರಿನ ದನಿ ಇದ್ದವರೆಲ್ಲ ಹೊರಟುಹೋಗಿದ್ದರು. ಒಬ್ಬೊಬ್ಬರ ತೀರ್ಮಾನವೂ ಸರಿಯಾಗಿದ್ದು, ಎಲ್ಲ ಸೇರಿ ಊರಿಗೇ ನಷ್ಟವಾದ ಲೆಕ್ಕ ಇದು. ಇಂಥ ನಷ್ಟಕ್ಕೆ ಯಾರನ್ನೂ ನೇರವಾಗಿ ದೂರಲು ಬರುವುದಿಲ್ಲ. ಅದಕ್ಕೇ ಬಾಯಿಲ್ಲದ ಮೊಬೈಲಿನ ಮೇಲೆ ಗೂಬೆ ಕೂರಿಸಿ ಎಲ್ಲರೂ ನಿರಾಳರಾಗಿದ್ದೇವೆ.

ನಿರಾಳತೆಯನ್ನು ಕೆಡಿಸಲು ಒಂದು ಪ್ರಶ್ನೆ ಸಾಕು. ಶಾಲು ಹೊದಿಸಿ ಕಣ್ಣು ತುಂಬಿಕೊಂಡ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ತಮ್ಮ ಮಗುವನ್ನೋ ಮೊಮ್ಮಗುವನ್ನೋ ಆ ಶಾಲೆಗೆ ಸೇರಿಸಿದ್ದಾರೆ? ಸರಕಾರಿ ಶಾಲೆಯ ಆಗುಹೋಗು ನೋಡಿಕೊಳ್ಳಲು 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವುಗಳ ಚುನಾಯಿತ ಸದಸ್ಯರನ್ನು ಅಲ್ಲಿ ಓದುವ ಮಕ್ಕಳ ತಂದೆತಾಯಿಯರಿಂದಲೇ ಆರಿಸಬೇಕು. ಅಂದರೆ ವೇದಿಕೆಯ ಮೇಲೆ ಹಂಬಲಿಸುವ ಬಹುಪಾಲು ಮಂದಿಗೆ ಆ ಶಾಲೆಯ ಚಾವಣಿ, ಶೌಚಾಲಯ, ಖಾಲಿ ಬಿದ್ದ ಮೇಷ್ಟ್ರ ಹುದ್ದೆ, ಇವುಗಳ ಬಗ್ಗೆ ಸಭೆಯಲ್ಲಿ ಕೂತು ಗದರಿಸುವ ಹಕ್ಕೇ ಉಳಿದಿಲ್ಲ. ಆ ಹಕ್ಕು ಈಗ ಬಿಇಒ ಕಚೇರಿಯ ಬಾಗಿಲಲ್ಲಿ ದನಿ ತಗ್ಗಿಸಿ ನಿಲ್ಲುವ ಕೂಲಿಯವರ ಕೈಯಲ್ಲಿದೆ. ಮೊಮ್ಮಗುವನ್ನು ಸೇರಿಸುವುದಿಲ್ಲ ಎಂಬ ಉತ್ತರವನ್ನು ನಾನು ತಪ್ಪೆನ್ನುವುದಿಲ್ಲ. ಯಾಕೆ ಸೇರಿಸುವುದಿಲ್ಲ ಎಂದು ಮಾತ್ರ ಒಂದೊಂದಾಗಿ ಬರೆದಿಡಲಿ: ಇಂಗ್ಲಿಷು ಸಾಲದು, ಐದು ತರಗತಿಗೆ ಇಬ್ಬರೇ ಮೇಷ್ಟ್ರು, ನೀರಿಲ್ಲ, ಜೊತೆಗೆ ಓದಲು ನಮ್ಮಂಥವರ ಮಕ್ಕಳಿಲ್ಲ. ಮೊದಲ ಮೂರನ್ನು ಹಣ, ಅರ್ಜಿ, ಒತ್ತಡಗಳಿಂದ ಸರಿಮಾಡಬಹುದು, ಬ್ಯಾಚಿನ ವಾಟ್ಸಾಪ್ ಗುಂಪು ಅದಕ್ಕೆ ಬಹಳ ಒಳ್ಳೆಯ ಆಯುಧ. ನಾಲ್ಕನೆಯದನ್ನು ಸರಿಮಾಡಲು ಯಾರಾದರೂ ಒಬ್ಬರು ಮೊದಲು ಬರಬೇಕು. ಅದು ಆಗುವ ತನಕ ಮುಂದಿನ ವರ್ಷವೂ ಶಾಮಿಯಾನ ಹಾಕಿಸೋಣ, ಶಾಲು ಹೊದಿಸೋಣ. ಮೈಕು ಹಿಡಿದು ಮೊಬೈಲನ್ನು ಬೈಯುವುದನ್ನಾದರೂ ಬಿಡೋಣ.